ಉಲ್ಟಾ ಓಡಿದ ದೀಪಗಳು

ಎಡ ಯಾವುದು, ಬಲ ಯಾವುದು ಎಂದು ಕೇಳಿದ ಕೂಡಲೇ ಉತ್ತರ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಇವರು ಪ್ರಶ್ನೆಯನ್ನು ಪೂರ್ತಿ ಯೋಚಿಸಿಲ್ಲ ಅನ್ನಿಸುತ್ತದೆ. ಯಾರ ಎಡ? ಎಲ್ಲಿ ನಿಂತು ನೋಡಿದಾಗ? ಹೋಗುವಾಗಿನ ಎಡವೋ, ಬರುವಾಗಿನ ಎಡವೋ? ಇಷ್ಟೆಲ್ಲ ಇತ್ಯರ್ಥವಾಗದೆ ಬಾಯಿಬಿಡುವುದು ದುಡುಕು. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನನ್ನನ್ನು ದಾರಿ ಕೇಳಿದರೆ ನಾನು ಮೊದಲು ಅವರು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತೇನೆ, ಒಂದು ಕೈ ಎತ್ತುತ್ತೇನೆ, ಅದನ್ನು ಇಳಿಸಿ ಇನ್ನೊಂದು ಕೈ ಎತ್ತುತ್ತೇನೆ. ಅಷ್ಟರಲ್ಲಿ ಅವರು ಬಾಳೆಹಣ್ಣಿನ ಗಾಡಿಯವನನ್ನು ಕೇಳಿಕೊಂಡು ಹೋಗಿರುತ್ತಾರೆ. ಇದೇನು ದೊಡ್ಡ ಕೊರತೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು, ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ ಆಗಿರದಿದ್ದರೆ. ವರ್ಷವರ್ಷವೂ ಕನ್ನಡಿಯ ಪಾಠ ಬರುತ್ತದೆ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ ಎಂದು ವರ್ಷವರ್ಷವೂ ಗಟ್ಟಿ ದನಿಯಲ್ಲಿ ಹೇಳುತ್ತೇನೆ. ಒಂದು ಸಲ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಹಂಗಾದ್ರ ತಲಿ ಯಾಕ ಕೆಳಗ ಆಗೂದಿಲ್ಲ, ಕಾಲು ಯಾಕ ಮ್ಯಾಲ ಆಗೂದಿಲ್ಲ?” ಎಂದು ಕೇಳಿದಳು. ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿ ಕೂರಿಸಿದೆ. ಆ ಪ್ರಶ್ನೆಗೆ ಉತ್ತರ ನನಗೆ ಈವತ್ತಿಗೂ ಸರಿಯಾಗಿ ಗೊತ್ತಿಲ್ಲ. ಇಂಥ ನಾನು, ಬೇರೆ ಮಂದಿಯ ಮದುವೆಗೆಂದು ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಮನೆಯಲ್ಲೇ ತಯಾರಿಸಲು ಹೊರಟೆ.

ಇದಕ್ಕೆಲ್ಲ ಕಾರಣ ನನ್ನ ಷಡ್ಡಕ ಕೊಟ್ರೇಶ. ಅಂದರೆ ನನ್ನ ಹೆಂಡತಿ ಗಿರಿಜೆಯ ತಂಗಿಯ ಗಂಡ. ಕೊಟ್ಟೂರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಇಟ್ಟಿದ್ದಾನೆ. ಕೆಲಸ ಅಚ್ಚುಕಟ್ಟು, ಮಾತು ಮೆತ್ತಗೆ. ಅವನ ಕಷ್ಟ ಒಂದೇ. ಈಗಿನ ಕಾಲದಲ್ಲಿ ಬದುಕಿದ್ದವರ ಫೋಟೋಗಳೆಲ್ಲ ಮೊಬೈಲಿನಲ್ಲೇ ಇರುತ್ತವೆ. ಸತ್ತ ಮೇಲೆ ಮಾತ್ರ ಗೋಡೆಗೆ ಬರುತ್ತವೆ. ಹೀಗಾಗಿ ಅವನ ಅಂಗಡಿಗೆ ಬರುವವರೆಲ್ಲ ತಲೆ ತಗ್ಗಿಸಿಕೊಂಡೇ ಬರುವವರು. ಮೊಬೈಲಿನೊಳಗಿನ ಯಾವುದೋ ಮದುವೆಯ ಗುಂಪಿನ ಫೋಟೋದಲ್ಲಿ ಊಟಕ್ಕೆ ಕುಳಿತಿದ್ದ ಅಜ್ಜನನ್ನು ತೋರಿಸಿ, ಇವರೊಬ್ಬರನ್ನೇ ಬಿಡಿಸಿ ದೊಡ್ಡದು ಮಾಡಿಕೊಡು ಅನ್ನುತ್ತಾರೆ. ಇವನು ಅಜ್ಜನ ಕೈಯಲ್ಲಿದ್ದ ಹೋಳಿಗೆಯನ್ನು ಅಳಿಸಿ, ಹಿಂದೆ ಆಕಾಶ ಹಾಕಿಸಿ, ಗಂಧದ ಹಾರ ಏರಿಸಿ ಕೊಡುತ್ತಾನೆ. ಇದರ ಪರಿಣಾಮ ಏನಾಗಿದೆಯೆಂದರೆ, ಕೊಟ್ರೇಶ ಕಂಕುಳಲ್ಲಿ ಕಟ್ಟು ಇಟ್ಟುಕೊಂಡು ಯಾವ ಓಣಿಗೆ ಕಾಲಿಟ್ಟರೂ ಮಂದಿ ಬಾಗಿಲಿಗೆ ಬಂದು, “ಯಾರ್ರೀ ಹೋದವ್ರು?” ಎಂದು ಕೇಳುತ್ತಾರೆ. ಸ್ವಂತ ತಂಗಿಯ ಸೀಮಂತಕ್ಕೆ ಹೋದಾಗಲೂ ಬೀಗರ ಓಣಿಯಲ್ಲಿ ಒಬ್ಬಳು ಮುದುಕಿ ಹೀಗೇ ಕೇಳಿದಳಂತೆ. ಅದನ್ನು ನನಗೆ ಹೇಳುವಾಗ ಅವನು ನಗುತ್ತಿದ್ದ, ಆದರೆ ಕಣ್ಣು ನಗುತ್ತಿರಲಿಲ್ಲ.

ಅಂಥವನಿಗೆ ಈ ವರ್ಷ ಒಂದು ಶುಭಕಾರ್ಯದ ಕೆಲಸ ಬಂತು. ಹತ್ತಿರದ ಮಠವೊಂದರ ಸಾಮೂಹಿಕ ಮದುವೆಯಲ್ಲಿ ಪ್ರತಿ ಜೋಡಿಗೂ ಒಂದೊಂದು ಶಿವಪಾರ್ವತಿಯರ ಫೋಟೋ ಕೊಡುವುದೆಂದು ಕಮಿಟಿಯವರು ತೀರ್ಮಾನಿಸಿದ್ದರು. ಬರೀ ಫೋಟೋ ಅಲ್ಲ, ಸುತ್ತಲೂ ಸಣ್ಣ ದೀಪಗಳಿರಬೇಕು, ದೀಪಗಳು ಒಂದಾದ ಮೇಲೊಂದು ಹತ್ತಿ ದೇವರನ್ನು ಸುತ್ತುತ್ತಿರಬೇಕು. ಪೇಟೆಯಲ್ಲಿ ಸಿಗುವ ತಯಾರಿ ಫೋಟೋಗಳು ಕೆಂಪು ನೀಲಿ ಹಸಿರು ಎಂದು ಕಣ್ಣು ಚುಚ್ಚುತ್ತವೆ, ದೇವರು ಆರ್ಕೆಸ್ಟ್ರಾದಲ್ಲಿ ಹಾಡಲು ಬಂದ ಹಾಗೆ ಕಾಣುತ್ತಾನೆ, ಅವು ಬೇಡ ಎಂದರಂತೆ. ಕೊಟ್ರೇಶ ಭಾನುವಾರ ನಮ್ಮ ಮನೆಗೆ ಬಂದು, ಚಹಾ ಆರುವವರೆಗೂ ಕಪ್ಪನ್ನು ನೋಡುತ್ತ ಕುಳಿತು, ಕೊನೆಗೆ ಬಾಯಿಬಿಟ್ಟ. “ಅಣ್ಣಾರ, ತೀರಿಕೊಂಡೋರಿಗೆ ಕಟ್ಟು ಹಾಕಿ ಹಾಕಿ ಸಾಕಾಗೈತಿ ನನಗ. ಒಮ್ಮಿ ಮದಿವಿ ಮನಿಗೆ ಕಟ್ಟು ತಗೊಂಡು ಹೋಗಬೇಕು ನಾನು. ಮಂದಿ ನನ್ನ ನೋಡಿ ನಗಬೇಕು. ಆ ದೀಪ ಓಡಸೂ ಬೋರ್ಡು ಒಂದು ಆತಂದ್ರ ಮುಗೀತು, ಉಳಿದದ್ದು ನಾ ಮಾಡ್ತೀನಿ.” ಬೋರ್ಡಿಗಾಗಿ ಅವನು ದಾವಣಗೆರೆಯಲ್ಲಿ ವಿಚಾರಿಸಿದ್ದನಂತೆ. ಎಷ್ಟು ಬೇಕು ಎಂದು ಅವರು ಕೇಳಿದರು. ಇವನಿಗೆ ಗೊತ್ತಿರಲಿಲ್ಲ. ಸಾಮೂಹಿಕ ಮದುವೆಯಲ್ಲಿ ಜೋಡಿಗಳು ಹಿಂದಿನ ದಿನದವರೆಗೂ ಸೇರುತ್ತವೆ, ಕೆಲವು ಬಿಟ್ಟೂ ಹೋಗುತ್ತವೆ. ಮೂವತ್ತೋ ನಲವತ್ತೋ ಆಗಬಹುದು ಎಂದನಂತೆ. ಅವರು ನಕ್ಕು, ಅಷ್ಟಕ್ಕೆಲ್ಲ ನಾವು ಮೆಷಿನ್ ಚಾಲೂ ಮಾಡುವುದಿಲ್ಲ ಎಂದರಂತೆ. ಇಂಟರ್ನೆಟ್ಟಿನಲ್ಲಿ ತರಿಸಿದರೆ ಅಗ್ಗವೇನೋ ಹೌದು, ಆದರೆ ಮದುವೆಯ ಮುಂಚೆ ಬರುತ್ತದೋ, ಹುಟ್ಟುವ ಮಕ್ಕಳ ಕೂದಲು ತೆಗೆಸುವ ಜವಳದ ಹೊತ್ತಿಗೆ ಬರುತ್ತದೋ ಹೇಳಲಾಗದು. ನಾನು ಆಗ ಸುಮ್ಮನಿರಬಹುದಿತ್ತು. ಆದರೆ ಗಿರಿಜೆಯ ತವರೂರಾದ ಇಟ್ಟಿಗಿಯಲ್ಲಿ ಅವಳ ಮನೆಯವರು ನನ್ನನ್ನು ‘ಸೈನ್ಸ್ ಅಳಿಯ’ ಎಂದು ಕರೆಯುತ್ತಾರೆ. ಮಿಕ್ಸರ್ ಕೆಟ್ಟರೂ ನನ್ನನ್ನೇ ಕೇಳುತ್ತಾರೆ, ಮಳೆ ಬರದಿದ್ದರೂ ನನ್ನನ್ನೇ ಕೇಳುತ್ತಾರೆ. ಆ ಮರ್ಯಾದೆ ನನ್ನ ಬಾಯಿಂದ ಮಾತಾಡಿತು. “ಬೋರ್ಡ್ ಏನ್ ಮಹಾ ಕೊಟ್ರೇಶ, ಮನ್ಯಾಗ ಮಾಡಿಕೊಡ್ತೀನಿ ಬಿಡು” ಎಂದೆ.

ಮಾಡುವುದು ನಿಜಕ್ಕೂ ಕಷ್ಟವೇನಲ್ಲ. ಒಂದು ಮುಖಕ್ಕೆ ತೆಳುವಾದ ತಾಮ್ರ ಅಂಟಿಸಿದ ಹಲಗೆ ಸಿಗುತ್ತದೆ, ಬಿಸ್ಕತ್ತಿನಷ್ಟು ದಪ್ಪ. ಕರೆಂಟು ಹರಿಯಬೇಕಾದ ದಾರಿಗಳಷ್ಟನ್ನು ಉಳಿಸಿ ಮಿಕ್ಕ ತಾಮ್ರವನ್ನು ಕರಗಿಸಿಬಿಟ್ಟರೆ ಅದೇ ಬೋರ್ಡು. ಉಳಿಯಬೇಕಾದ ದಾರಿಯ ಮೇಲೆ ತಾಮ್ರ ಕರಗದ ಹಾಗೆ ಏನಾದರೂ ಬಳಿಯಬೇಕಲ್ಲ, ಅದಕ್ಕೆ ಝೆರಾಕ್ಸ್ ಅಂಗಡಿಯ ಪ್ರಿಂಟರಿನ ಕಪ್ಪು ಪುಡಿ ಸಾಕು. ನಯವಾದ ಕಾಗದದ ಮೇಲೆ ನಕ್ಷೆಯನ್ನು ಪ್ರಿಂಟ್ ಮಾಡಿಸಿ, ತಾಮ್ರದ ಮೇಲೆ ಬೋರಲು ಇಟ್ಟು ಇಸ್ತ್ರಿ ಮಾಡಿದರೆ ಕಪ್ಪೆಲ್ಲ ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಕರಗಿಸುವ ನೀರಿನಲ್ಲಿ ಮುಳುಗಿಸುವುದು, ತೊಳೆಯುವುದು, ಸಣ್ಣ ತೂತು ಕೊರೆದು ಸಾಮಾನು ಬೆಸೆಯುವುದು. ಮಾದರಿಗೆಂದು ಒಂದು ಬೋರ್ಡು ಮಾಡಿದೆ. ಏನನ್ನೂ ಹೆಚ್ಚು ಯೋಚಿಸದೆ, ಕಂಪ್ಯೂಟರಿನಲ್ಲಿ ಹೇಗಿತ್ತೋ ಹಾಗೇ ಪ್ರಿಂಟ್ ಹಾಕಿಸಿ, ಹಾಗೇ ಇಸ್ತ್ರಿ ಮಾಡಿ ಮುಗಿಸಿದೆ. ದೀಪಗಳು ಚಂದವಾಗಿ ಓಡಿದವು. ಕೊಟ್ರೇಶ ಆ ಮಾದರಿಯನ್ನು ಒಯ್ದು, ಅದರಲ್ಲಿದ್ದಂತೆ ಯಾವ ದೀಪಕ್ಕೆ ಎಷ್ಟು ಉದ್ದದ ತಂತಿ ಎಂದು ಅಳೆದು, ಎಲ್ಲ ಫ್ರೇಮುಗಳಿಗೂ ತಂತಿ ಕತ್ತರಿಸಿ ಕಟ್ಟಿಟ್ಟುಕೊಂಡ. ಇನ್ನು ಉಳಿದದ್ದು ನನ್ನ ರಾಶಿ ಕೆಲಸ.

ನಯವಾದ ಕಾಗದಕ್ಕಾಗಿ ನಾನು ಮನೆಯ ಕ್ಯಾಲೆಂಡರಿಗೆ ಕೈ ಹಾಕಿದಾಗ ಗಿರಿಜೆ, “ದೇವರ ಮುಖದ ಮ್ಯಾಲ ಇಸ್ತ್ರಿ ಇಡ್ತೀರೇನು?” ಎಂದು ಕಿತ್ತುಕೊಂಡಳು. ಕೊನೆಗೆ ನನಗೆ ಹೊಳೆದದ್ದು ಗೋವಿನಜೋಳದ ಬೀಜದ ಅಂಗಡಿ. ನಮ್ಮೂರಿನಲ್ಲಿ ಗೋವಿನಜೋಳಕ್ಕಿರುವಷ್ಟು ಪ್ರಚಾರ ಯಾವ ಪುಢಾರಿಗೂ ಇಲ್ಲ. ಮಿರಿಮಿರಿ ಮಿಂಚುವ ಕಾಗದದ ಮೇಲೆ ತೊಡೆಯಷ್ಟು ದಪ್ಪ ತೆನೆ, ಅದನ್ನು ಅಪ್ಪಿಕೊಂಡು ನಗುವ ರೈತ. ಹಿಂದಿನ ಮಗ್ಗಲು ಖಾಲಿ. ಅಂಗಡಿಯವರು ಒಂದು ಕಟ್ಟನ್ನೇ ಕೊಟ್ಟು, “ಎಲ್ಲಿ ತಗೊಂಡ್ರಿ ಸರ್ ಹೊಲ? ನೀರಾವರಿನೋ ಮಳಿ ಆಶ್ರಿತನೋ?” ಎಂದು ವಿಚಾರಿಸಿಕೊಂಡರು. ಇಲ್ಲ, ಇದರ ಮೇಲೆ ಇಸ್ತ್ರಿ ಮಾಡಲಿಕ್ಕೆ ಎಂದೆ. ಈ ಕಾಗದದ ಗುಣ ಒಳ್ಳೆಯದೇ, ಆದರೆ ಕೆಲವು ತುಣುಕುಗಳನ್ನು ನಾನು ಆತುರದಲ್ಲಿ ತಿರುವುಮುರುವಾಗಿ ಇಟ್ಟುಬಿಟ್ಟೆ; ನಕ್ಷೆ ತಾಮ್ರಕ್ಕೆ ಅಂಟುವ ಬದಲು ಇಸ್ತ್ರಿ ಪೆಟ್ಟಿಗೆಯ ಹೊಟ್ಟೆಗೆ ಅಂಟಿತು. ನನಗೆ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಗಿರಿಜೆ ಅದರಿಂದಲೇ ನನ್ನ ಬಿಳಿ ಅಂಗಿ ಇಸ್ತ್ರಿ ಮಾಡಿದಳು. ಶಾಲೆಯಲ್ಲಿ ಹೆಡ್ ಮಾಸ್ತರು ನನ್ನ ಬೆನ್ನನ್ನು ಬಹಳ ಹೊತ್ತು ನೋಡಿ, “ಇದು ಯಾವ ಊರಿನ ಮ್ಯಾಪ್ ರೀ?” ಎಂದರು.

ಇನ್ನು ಆ ಕರಗಿಸುವ ನೀರು. ಫೆರಿಕ್ ಕ್ಲೋರೈಡ್ ಅನ್ನುವ ಪುಡಿಯನ್ನು ನೀರಿಗೆ ಹಾಕಿದರೆ ಕಷಾಯದಂಥ ಕೆಂಗಂದು ಬಣ್ಣ ಬರುತ್ತದೆ. ತಾಮ್ರವನ್ನು ತಿನ್ನುವುದು ಅದರ ಕೆಲಸ. ತಾಮ್ರವನ್ನು ಮಾತ್ರ ತಿನ್ನಬೇಕು ಎಂಬ ನಿಯಮ ಅದಕ್ಕೇನೂ ಇಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಬೇಕೆಂದು ನನಗೆ ಗೊತ್ತಿತ್ತು, ಇಟ್ಟೂ ಇದ್ದೆ. ಆದರೆ ಧೂಳು ಬೀಳಬಾರದೆಂದು ಗಿರಿಜೆಯ ಸ್ಟೀಲಿನ ತಾಟನ್ನು ಮುಚ್ಚಿದ್ದೆ. ಅದು ಅವಳ ಮದುವೆಯಲ್ಲಿ ಬಂದ, ಹೆಸರು ಕೊರೆದ ತಾಟು. ಸಂಜೆ ನೋಡಿದರೆ ನಡುವೆ ಸಣ್ಣಸಣ್ಣ ಗುಳಿಗಳೆದ್ದಿದ್ದವು. ಕಟ್ಟೆಯ ಮೇಲೂ ಅಂಗಳದ ಕಲ್ಲಿನ ಮೇಲೂ ನನ್ನ ಬನಿಯನ್ನಿನ ಮೇಲೂ ಬಿದ್ದ ಹನಿಗಳು ಎಷ್ಟು ತಿಕ್ಕಿದರೂ ಹೋಗದ ಕಂದು ಕಲೆಗಳಾದವು. ಎದುರು ಮನೆಯ ಈರಮ್ಮನವರು ಮೂರು ದಿನ ಆ ಕಲೆಗಳನ್ನು ಪರೀಕ್ಷಿಸಿ, ನಾಲ್ಕನೆಯ ದಿನ ಗಿರಿಜೆಯನ್ನು ಪಕ್ಕಕ್ಕೆ ಕರೆದು, “ಮಾಸ್ತರ್ರು ಗುಟ್ಕಾ ಯಾವಾಗಿಂದ ಶುರು ಮಾಡ್ಯಾರವ್ವ? ಕಂಡಕಂಡಲ್ಲಿ ಉಗಳ್ಯಾರಲ್ಲ!” ಎಂದು ಸಂಕಟಪಟ್ಟರು. ಗಿರಿಜೆ ಬೋರ್ಡಿನ ವಿಷಯ ವಿವರಿಸಿದಳು. ಅವರಿಗೆ ನಂಬಿಕೆ ಬರಲಿಲ್ಲ. “ನಮ್ಮ ಮನಿಯಾಗಿನವರೂ ಮೊದಮೊದಲು ಹಿಂಗ ಏನೇನೋ ಹೇಳ್ತಿದ್ರು” ಎಂದರಂತೆ.

ನಿಜವಾದ ಅನಾಹುತ ಆದದ್ದು ಮಾತ್ರ ಝೆರಾಕ್ಸ್ ಅಂಗಡಿಯಲ್ಲಿ. ರಾಶಿ ಕೆಲಸಕ್ಕೆಂದು ಒಂದೇ ಹಾಳೆಯಲ್ಲಿ ಹಲವು ನಕ್ಷೆಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಕಂಪ್ಯೂಟರಿನ ಮುಂದೆ ಕೂರುವ ರೇಣುಕಾ, ಚಹಾ ಕಪ್ಪಿನ ಮೇಲೆ ಫೋಟೋ ಅಚ್ಚು ಹಾಕುವುದರಲ್ಲಿ ಪಳಗಿದವಳು, “ಸರ್, ಮಿರರ್ ಕೊಡ್ಲೇನ್ರಿ? ಕಪ್ಪಿಗೆ ಹಾಕೂ ಮುಂದ ಉಲ್ಟಾ ಮಾಡಿ ಕೊಡ್ತೀವಿ ನಾವು” ಎಂದಳು. ನಾನು ಯೋಚಿಸಿದೆ. ಅದೇ ತಪ್ಪಾದದ್ದು. ಕಾಗದವನ್ನು ಬೋರಲು ಹಾಕಿದಾಗ ನಕ್ಷೆ ಒಂದು ಸಲ ತಿರುಗುತ್ತದೆ, ಸರಿ. ಆದ್ದರಿಂದ ಮೊದಲೇ ತಿರುಗಿಸಿಕೊಂಡರೆ ನೇರವಾಗುತ್ತದೆ. ಆದರೆ ಸಾಮಾನು ಕೂರಿಸುವುದು ಮೇಲಿನಿಂದ, ತಾಮ್ರ ಇರುವುದು ಕೆಳಗೆ; ಕೆಳಗಿನಿಂದ ನೋಡಿದಾಗ ಮತ್ತೊಂದು ಸಲ ತಿರುಗುತ್ತದೆ. ಹಾಗಾದರೆ ತಿರುಗಿಸಬಾರದು. ಆದರೆ ಕಂಪ್ಯೂಟರಿನಲ್ಲಿ ನಾನು ನೋಡುತ್ತಿರುವುದು ಮೇಲಿನಿಂದಲೋ ಕೆಳಗಿನಿಂದಲೋ? ನಾನು ಅಂಗೈಯನ್ನು ಹಾಳೆ ಎಂದು ಭಾವಿಸಿ ಮೇಜಿನ ಮೇಲೆ ಬೋರಲು ಹಾಕಿದೆ, ಎತ್ತಿದೆ, ಇನ್ನೊಂದು ಅಂಗೈಗೆ ಅಂಟಿಸಿದೆ, ಎರಡನ್ನೂ ತಲೆಯ ಮೇಲೆತ್ತಿ ಕೆಳಗಿನಿಂದ ನೋಡಿದೆ. ಹಿಂದೆ ಸಾಲಿನಲ್ಲಿ ಆಧಾರ್ ಕಾರ್ಡ್ ಹಿಡಿದು ನಿಂತಿದ್ದವರು ನನಗೆ ಜಾಗ ಬಿಟ್ಟು ಹಿಂದೆ ಸರಿದರು. ಮಾದರಿ ಬೋರ್ಡಿನಲ್ಲಿ ಏನು ಮಾಡಿದ್ದೆ ಎಂದು ನೆನಪಿಸಿಕೊಂಡಿದ್ದರೆ ಸಾಕಿತ್ತು. ಆದರೆ ಅದನ್ನು ಯೋಚಿಸದೆ ಮಾಡಿದ್ದೆನಲ್ಲ, ಅದಕ್ಕೆ ಬೆಲೆ ಕೊಡಲು ಮನಸ್ಸಾಗಲಿಲ್ಲ. ಈ ಸಲ ಪೂರ್ತಿ ಯೋಚಿಸಿ, ವೈಜ್ಞಾನಿಕವಾಗಿ ತೀರ್ಮಾನಕ್ಕೆ ಬಂದು, “ಮಿರರ್ ಕೊಡು” ಎಂದೆ.

ಅಷ್ಟೂ ಬೋರ್ಡುಗಳು ಕನ್ನಡಿಯೊಳಗಿನ ಬೋರ್ಡುಗಳಾದವು. ಇಸ್ತ್ರಿ ಮಾಡಿ, ಕರಗಿಸಿ, ತೂತು ಕೊರೆದು, ಮೊದಲನೆಯದಕ್ಕೆ ಸಾಮಾನು ಕೂರಿಸಲು ಹೋದಾಗ ತಿಳಿಯಿತು. ದೀಪ ಓಡಿಸುವ ಕರಿ ಚಿಪ್, ಅಂದರೆ ಎಂಟು ಕಾಲಿನ ಐಸಿಯ ಮೊದಲ ಕಾಲು ಕೊನೆಯ ಕಾಲಿನ ಜಾಗದಲ್ಲಿ ನಿಲ್ಲುತ್ತಿತ್ತು. ತಾಮ್ರದ ಹಲಗೆಯೆಲ್ಲ ಖರ್ಚಾಗಿತ್ತು, ಮದುವೆಯೂ ಹತ್ತಿರ ಬಂದಿತ್ತು. ಎರಡು ದಿನ ಮಂಕು ಬಡಿದವನಂತೆ ಕುಳಿತಿದ್ದೆ. ಮೂರನೆಯ ದಿನ ಸ್ನಾನ ಮಾಡುವಾಗ ಉಪಾಯ ಹೊಳೆಯಿತು: ಸಾಮಾನುಗಳನ್ನು ಮೇಲಿನಿಂದ ಕೂರಿಸುವ ಬದಲು ತಾಮ್ರದ ಮಗ್ಗಲಿಗೇ ಕೂರಿಸಿ ಅಲ್ಲೇ ಬೆಸೆದರೆ ಎಲ್ಲ ಕಾಲುಗಳೂ ಸರಿಯಾದ ಜಾಗಕ್ಕೆ ಬರುತ್ತವೆ. ಹಾಗೆ ಮಾಡಿದೆ. ದೀಪ ಹತ್ತಿತು, ಒಂದಾದ ಮೇಲೊಂದು ಓಡಿತು. ನನ್ನ ಬುದ್ಧಿಗೆ ನಾನೇ ಮಾರುಹೋದೆ. ಕೊಟ್ರೇಶ ಬಂದು ಬೋರ್ಡುಗಳನ್ನು ಬಾಳೆಕಾಯಿಯ ಚಿಪ್ಪು ಎತ್ತಿಕೊಂಡ ಹಾಗೆ ಜೋಪಾನವಾಗಿ ಎತ್ತಿಕೊಂಡು ಬಸ್ಸು ಹತ್ತಿದ. ನಾನು ಹೆಡ್ ಮಾಸ್ತರರಿಗೆ ಬಿಳಿ ಅಂಗಿಯ ಮ್ಯಾಪಿನ ಅರ್ಥವನ್ನು ವಿವರಿಸಿ ಹೇಳಿದೆ.

ಮದುವೆಗೆ ಎರಡು ದಿನವಿದ್ದಾಗ ಕೊಟ್ರೇಶ ಮೊದಲನೆಯ ಫ್ರೇಮನ್ನು ನಮ್ಮ ಮನೆಗೆ ಕಳಿಸಿಕೊಟ್ಟ. ಮೊದಲನೆಯದು ಅಣ್ಣಾರ ಮನೆಯಲ್ಲೇ ಹತ್ತಬೇಕು ಎಂದು ಅವನ ಆಸೆ. ದೇವರ ಜಗಲಿಯ ಮೇಲೆ ನಿಲ್ಲಿಸಿ ಸ್ವಿಚ್ ಹಾಕಿದೆ. ನೋಡಿದರೆ ಕಣ್ಣು ತುಂಬುವ ಹಾಗಿತ್ತು. ಗಿರಿಜೆ ಕೈಕಾಲು ತೊಳೆದು ಬಂದು ಆರತಿ ತಟ್ಟೆ ಹಿಡಿದಳು. ಎರಡು ಸುತ್ತು ಬೆಳಗಿ ನಿಲ್ಲಿಸಿದಳು. ಮತ್ತೆ ಬೆಳಗಿದಳು, ಮತ್ತೆ ಕೈ ತಡವರಿಸಿತು. “ಏನ್ರಿ, ಇಲ್ಲಿ ಬರ್ರಿ. ನನ್ನ ಕೈ ಒಂದು ಕಡಿ ಹೊಂಟೈತಿ, ನಿಮ್ಮ ಲೈಟು ಇನ್ನೊಂದು ಕಡಿ ಹೊಂಟಾವು” ಎಂದಳು. ನಾನು ನೋಡಿದೆ. ಅವಳು ಹೇಳಿದ್ದು ನಿಜ. ಆರತಿ ಬಲಕ್ಕೆ ಸುತ್ತುತ್ತಿತ್ತು, ದೀಪಗಳು ಎಡಕ್ಕೆ ಓಡುತ್ತಿದ್ದವು. ಕನ್ನಡಿಯ ಬೋರ್ಡಿನಲ್ಲಿ, ತಂತಿ ಬೆಸೆಯುವ ತಾಮ್ರದ ಮಗ್ಗಲಿನಿಂದ ನೋಡಿದರೆ, ತೂತುಗಳ ಸಾಲೂ ಮಾದರಿಗೆ ತಿರುವುಮುರುವಾಗಿತ್ತು. ಕೊಟ್ರೇಶ ಮಾದರಿಯಂತೆ ಅಳೆದು ಕತ್ತರಿಸಿದ ತಂತಿಗಳನ್ನು ಮಾದರಿಯಂತೆಯೇ ಜೋಡಿಸಿದ್ದ. ಈಗ ಅದಲುಬದಲು ಮಾಡೋಣವೆಂದರೆ ಅಳತೆಗೆ ಕತ್ತರಿಸಿದ ಗಿಡ್ಡ ತಂತಿಗಳು ಆಚೆ ತುದಿಯ ತೂತುಗಳಿಗೆ ಎಟುಕುವಂತಿರಲಿಲ್ಲ. ಗಿರಿಜೆಯ ಮುಖ ಸಣ್ಣದಾಯಿತು. “ಉಲ್ಟಾ ಸುತ್ತು ಎಲ್ಲಿ ಹಾಕ್ತಾರಂತ ಗೊತ್ತೈತಿಲ್ಲೋ ನಿಮಗ? ಸಾವಿನ ಮನಿಯಾಗ. ಹೊಸಾ ಮದುಮಕ್ಕಳಿಗೆ ಇದನ್ನ ಕೊಟ್ರ ಮಂದಿ ಏನಂದಾರು? ಸತ್ತೋರಿಗೆ ಕಟ್ಟು ಹಾಕೂ ಕೈ, ಬುದ್ಧಿ ಬಿಡಲಿಲ್ಲ ಅಂತಾರ. ನನ್ನ ತಂಗಿ ಗಂಡ ಊರಾಗ ತಿರುಗ್ಯಾಡಂಗಿಲ್ಲ ಇನ್ನ.” ತಪ್ಪು ನನ್ನದು, ಹೆಸರು ಕೆಡುವುದು ಅವನದು.

ಬೆಳಿಗ್ಗೆಯೇ ಇಬ್ಬರೂ ಫ್ರೇಮನ್ನು ಸೀರೆಯಲ್ಲಿ ಸುತ್ತಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಬೆರಳನ್ನು ಗಾಳಿಯಲ್ಲಿ ಸುತ್ತಿಸುತ್ತ ಏನಾದರೂ ದಾರಿ ಇದೆಯೇ ಎಂದು ಹುಡುಕಿದೆ. ಕಿಟಕಿಯ ಗಾಜಿಗೆ ಬೆರಳು ಹಚ್ಚಿ ಬಲಕ್ಕೆ ಸುತ್ತಿಸಿದರೆ, ಹೊರಗಿನಿಂದ ನೋಡುವವರಿಗೆ ಅದು ಎಡಕ್ಕೆ ಸುತ್ತಿದಂತೆ ಕಾಣುತ್ತದೆ. ಅಂದರೆ ನಾವು ನೋಡಿದಾಗ ಎಡಕ್ಕೆ ಓಡುವ ದೀಪ, ಫೋಟೋದ ಒಳಗಿರುವ ಶಿವಪಾರ್ವತಿಯರಿಗೆ ಬಲಕ್ಕೇ ಓಡುತ್ತಿರುತ್ತದೆ! ನನಗೆ ಜೀವ ಬಂದಂತಾಯಿತು. ಗಿರಿಜೆಗೆ ಹೇಳಿದೆ. ಅವಳು, “ಹಂಗಾದ್ರ ನಾವು ದಿನಾ ಆರತಿ ಮಾಡೂದು ದೇವರಿಗೆ ಉಲ್ಟಾ ಕಾಣ್ತೈತೇನು?” ಎಂದಳು. ನಾನು ಮತ್ತೆ ಗಾಜಿಗೆ ಬೆರಳು ಹಚ್ಚಿ ಮೊದಲಿನಿಂದ ಸುತ್ತಿಸತೊಡಗಿದೆ. ಟಿಕೆಟ್ ಕೊಡಲು ಬಂದ ಕಂಡಕ್ಟರು ನನ್ನ ಬೆರಳನ್ನೇ ನೋಡಿ, ಎರಡು ಟಿಕೆಟ್ ಹರಿದು ಗಿರಿಜೆಯ ಕೈಗೆ ಕೊಟ್ಟರು.

ಅಂಗಡಿಗೆ ಹೋಗುವಷ್ಟರಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಕಮಿಟಿಯ ಪರವಾಗಿ ಫ್ರೇಮು ನೋಡಲು ನೀಲಗುಂದದ ಕಡೆಯ ಅಯ್ನೋರು ಬಂದು ಕುರ್ಚಿಯ ಮೇಲೆ ಕುಳಿತಿದ್ದರು. ಮದುವೆ ಮಾಡಿಸುವವರೂ ಅವರೇ. ಮೂರು ಗೋಡೆಗೂ ಸಾಲಾಗಿ ನಿಂತ ಫ್ರೇಮುಗಳೆಲ್ಲ ಝಗಝಗಿಸುತ್ತಿದ್ದವು, ಎಲ್ಲವೂ ಎಡಕ್ಕೆ ಓಡುತ್ತಿದ್ದವು. ಹೊಸ ಅಂಗಿ ಹಾಕಿಕೊಂಡು ಕೈಕಟ್ಟಿ ನಿಂತಿದ್ದ ಕೊಟ್ರೇಶನ ಮುಖದಲ್ಲಿ, ನಾನು ಎಂದೂ ಕಾಣದ ಕಳೆ. ಅಯ್ನೋರಿಗೆ ಇನ್ನೂ ಏನೂ ಹೊಳೆದಿರಲಿಲ್ಲ, ಚಂದ ಆಗಿದೆ ಎಂದು ತಲೆದೂಗುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಬಹುಶಃ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮದುವೆಯ ಮನೆಗಳಲ್ಲಿ ನಾಳೆ ಒಬ್ಬೊಬ್ಬರೂ ಆರತಿ ಹಿಡಿದು ನಿಲ್ಲುತ್ತಾರಲ್ಲ, ಆಗ? ಗಿರಿಜೆ ನನ್ನ ಮೊಣಕೈ ತಿವಿದಳು. ತೊದಲುತ್ತ ಹೇಳಿದೆ. ಕೊಟ್ರೇಶ ನನ್ನನ್ನು ನೋಡಿದ, ಫ್ರೇಮುಗಳನ್ನು ನೋಡಿದ, ಹಾಗೇ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಎದ್ದು ಒಂದು ಫ್ರೇಮನ್ನು ತಲೆಕೆಳಗು ಮಾಡಿ ಹಿಡಿದು, “ಈಗ?” ಎಂದ. ಶಿವಪಾರ್ವತಿಯರು ತಲೆಕೆಳಗಾದರು, ದೀಪ ಮಾತ್ರ ಎಡಕ್ಕೇ ಓಡಿತು.

ನಾನು ಬಸ್ಸಿನಲ್ಲಿ ಕಂಡುಹಿಡಿದ ಸಂಗತಿಯನ್ನು ಅಯ್ನೋರ ಮುಂದಿಟ್ಟೆ. ದೇವರ ಕಡೆಯಿಂದ ನೋಡಿದರೆ ಬಲಕ್ಕೇ ಓಡುತ್ತಿದೆ ಎಂದೆ. ಅವರು ಗಂಭೀರವಾಗಿ ಎದ್ದು, ಒಂದು ಫ್ರೇಮಿನ ಹಿಂದೆ ಹೋಗಿ ಬಗ್ಗಿ ನೋಡಿದರು. ಹಿಂದಿನಿಂದ ದೀಪ ಕಾಣುವುದಿಲ್ಲ, ರಟ್ಟು ಕಾಣುತ್ತದೆ. ವಾಪಸ್ಸು ಬಂದು ಬರಿಗೈಯಲ್ಲಿ ಆರತಿ ಬೆಳಗಿ ನೋಡಿದರು. ಕೊಟ್ರೇಶನೂ ಬೆಳಗಿದ, ಗಿರಿಜೆಯೂ ಬೆಳಗಿದಳು, ನಾನೂ ಬೆಳಗಿದೆ. ನಾಲ್ಕು ಜನ ನಾಲ್ಕು ಕಡೆ ಕೈ ತಿರುಗಿಸುತ್ತ ನಿಂತದ್ದನ್ನು ಕಂಡು ಪಕ್ಕದ ಕಿರಾಣಿ ಅಂಗಡಿಯವರು ಒಳಗೆ ಬಂದು, ಏನೆಂದು ಕೇಳದೆ ತಾವೂ ಕೈ ತಿರುಗಿಸಿದರು. ಅಯ್ನೋರು ಕೈ ನಿಲ್ಲಿಸಿ, “ನೋಡ್ರಿ ಮಾಸ್ತರ, ಹಂಗ ನೋಡಿದ್ರ ಶಿವನ ಗುಡಿಯಾಗ ಪೂರ್ತಿ ಸುತ್ತು ಹಾಕೂ ಪದ್ಧತಿನ ಇಲ್ಲ. ಅಭಿಷೇಕದ ನೀರು ಹರಿಯೂ ಕಾಲುವಿ ದಾಟಬಾರದು. ಅಲ್ಲಿ ಮಟ ಹೋಗಬೇಕು, ತಿರುಗಿ ಬರಬೇಕು” ಎಂದರು. ಕೊಟ್ರೇಶನಿಗೆ ಆಸೆ ಚಿಗುರಿತು. “ಹಂಗಾದ್ರ ಇವು ತಿರುಗಿ ಬರೂ ದೀಪ ಅಂತ ತಿಳಕೊಂಡ್ರಾತಲ್ರಿ ಅಜ್ಜಾರ?” ಎಂದ. “ಹೋದದ್ದು ಯಾವಾಗಲೇ ಮತ್ತ?” ಎಂದರು ಅಯ್ನೋರು. ದೀಪಗಳು ಬರುತ್ತಲೇ ಇದ್ದವು, ಒಂದೂ ಹೋದದ್ದನ್ನು ಯಾರೂ ನೋಡಿರಲಿಲ್ಲ. ಹೋಗಿ ಬರುವ ಹಾಗೆ ಮಾಡಲಾಗುತ್ತದೆಯೇ ಎಂದು ನನ್ನನ್ನು ಕೇಳಿದರು. ಅದಕ್ಕೆ ಬೇರೆ ಬೋರ್ಡೇ ಬೇಕು ಎಂದೆ. ಬೇರೆ ಬೋರ್ಡು ಅನ್ನುವ ಮಾತು ಕೇಳಿ ಎಲ್ಲರೂ ಬೆಚ್ಚಿದರು. ಅಷ್ಟಕ್ಕೂ ಫೋಟೋದಲ್ಲಿ ನೀರು ಹರಿಯುವ ಕಾಲುವೆ ಎಲ್ಲಿದೆ ಎಂದು ಕಿರಾಣಿಯವರು ಕೇಳಿದರು. ಶಿವನ ಜಡೆಯಲ್ಲಿ ಗಂಗೆಯಿದ್ದಾಳೆ, ಮೇಲಿನಿಂದಲೇ ಲೆಕ್ಕ ಹಿಡಿಯಬೇಕೋ ಏನೋ ಎಂದು ಅವರೇ ಅನುಮಾನ ಎತ್ತಿದರು. ಎಲ್ಲರೂ ಮತ್ತೊಮ್ಮೆ ಫೋಟೋ ನೋಡಿದೆವು. ನನಗಂತೂ ಆ ಹೊತ್ತಿಗೆ ನನ್ನ ಕೈ ಯಾವ ಕಡೆಗೆ ತಿರುಗುತ್ತಿದೆ ಎಂಬುದೇ ತಿಳಿಯದಾಗಿತ್ತು.

ಕೊನೆಗೆ ಅಯ್ನೋರು ದಣಿದು ಕುರ್ಚಿಗೆ ಮರಳಿದರು. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, “ತಮ್ಮಾ ಕೊಟ್ರೇಶ, ಇವು ಓಡೂದ ಬ್ಯಾಡ. ನಿಂದರಿಸಿಬಿಡು. ಸುತ್ತೂದು ಭಕ್ತರು ಸುತ್ತಲಿ. ದೀಪ ತನ್ನ ಪಾಡಿಗೆ ತಾನು ಉರೀಲಿ. ಕಮಿಟಿಯವರಿಗೆ ನಾ ಹೇಳ್ತೀನಿ” ಎಂದರು. ಎಲ್ಲರಿಗೂ ಎಷ್ಟು ಹಗುರವಾಯಿತೆಂದರೆ, ಕಿರಾಣಿಯವರು ಹೋಗಿ ಎಲ್ಲರಿಗೂ ಚಹಾ ತರಿಸಿದರು. ಎಲ್ಲ ದೀಪದ ತಂತಿಗಳನ್ನೂ ಬೋರ್ಡಿನಿಂದ ಬಿಡಿಸಿ, ಒಟ್ಟಿಗೆ ಹೊಸೆದು, ನೇರವಾಗಿ ಅಡಾಪ್ಟರಿನಿಂದ ಬರುವ ಕರೆಂಟಿನ ತಂತಿಗೆ ಕೂಡಿಸುವುದಷ್ಟೇ ಕೆಲಸ. ಅದಕ್ಕೆ ವಿಜ್ಞಾನ ಬೇಕಿರಲಿಲ್ಲ. ನಾನು, ಗಿರಿಜೆ, ಅವಳ ತಂಗಿ, ಕೊಟ್ರೇಶ, ಎಲ್ಲರೂ ನೆಲದ ಮೇಲೆ ಕುಳಿತು ಸಂಜೆಯೊಳಗೆ ಮುಗಿಸಿದೆವು. ನನ್ನ ಬೋರ್ಡುಗಳನ್ನು ಕಿತ್ತು ತೆಗೆಯೋಣವೆಂದರೆ ಅಂಟಿನಿಂದ ಭದ್ರವಾಗಿ ಕೂತಿದ್ದವು, ಕಿತ್ತರೆ ರಟ್ಟು ಹರಿಯುತ್ತಿತ್ತು. “ಇರ್ಲಿ ಬಿಡ್ರಿ ಅಣ್ಣಾರ, ಏನೂ ತ್ರಾಸು ಕೊಡೂದಿಲ್ಲ ಅವು” ಎಂದ ಕೊಟ್ರೇಶ. ಏನೂ ಕೆಲಸವಿಲ್ಲದೆ ಅವು ಅಲ್ಲೇ ಉಳಿದವು.

ಮದುವೆಯ ದಿನ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೋಡಿಗಳು ಒಂದೊಂದಾಗಿ ವೇದಿಕೆಗೆ ಬಂದಂತೆ ಕೊಟ್ರೇಶ ತನ್ನ ಕೈಯಾರೆ ಫ್ರೇಮನ್ನು ಎತ್ತಿ ಅಯ್ನೋರ ಕೈಗೆ ಕೊಡುತ್ತಿದ್ದ. ನಿಂತು ಉರಿಯುವ ದೀಪಗಳ ನಡುವೆ ಶಿವಪಾರ್ವತಿಯರು ನಿಜಕ್ಕೂ ಶಾಂತವಾಗಿ ಕಾಣುತ್ತಿದ್ದರು. ಒಬ್ಬ ಮದುಮಗಳ ತಾಯಿ ಫ್ರೇಮನ್ನು ಎದೆಗವಚಿಕೊಂಡು ಕೆಳಗಿಳಿದವಳು, ಮತ್ತೆ ಮೆಟ್ಟಿಲೇರಿ ಬಂದು ಕೊಟ್ರೇಶನಿಗೆ, “ಯಪ್ಪಾ, ಎಷ್ಟು ಚಂದ ಮಾಡೀದಿಯೋ. ನನ್ನ ಸಣ್ಣ ಮಗಳದೂ ಮದಿವಿ ಐತಿ ಬರೂ ವರ್ಷ, ಅಕಿಗೂ ನೀನ ಮಾಡಿಕೊಡಬೇಕು ನೋಡು” ಎಂದಳು. ಕೊಟ್ರೇಶ ತಲೆಯಾಡಿಸಿದ. ಅವನ ಕಣ್ಣು ಈ ಸಲ ನಗುತ್ತಿತ್ತು. ಪಕ್ಕದಲ್ಲಿದ್ದ ಯಾರೋ, ಇದಕ್ಕೆಲ್ಲ ಒಳಗೆ ಬೋರ್ಡೇನಾದರೂ ಇರುತ್ತದೇನ್ರಿ ಎಂದು ಕೇಳಿದರು. ಇರುತ್ತದೆ ಎಂದೆ. ಅದು ಏನು ಮಾಡುತ್ತದೆ ಎಂದು ಕೇಳುವುದರೊಳಗೆ ಊಟದ ಪಂಕ್ತಿಗೆ ಎದ್ದು ಹೋದೆ.

ನಮ್ಮ ಮನೆಯ ಫ್ರೇಮನ್ನು ಮಾತ್ರ ನಾನು ಮುಟ್ಟಲು ಬಿಡಲಿಲ್ಲ. ಲೋಕದಲ್ಲಿ ನನ್ನ ಬೋರ್ಡು ಕೆಲಸ ಮಾಡುತ್ತಿರುವುದು ಅದೊಂದರಲ್ಲೇ. ಈಗಲೂ ದೀಪಗಳು ಜಗಲಿಯ ಮೇಲೆ ಎಡಕ್ಕೆ ಓಡುತ್ತವೆ. ಮೊನ್ನೆ ಸೋಮವಾರ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತ ಒಳಗೆ ನೋಡಿದರೆ, ಗಿರಿಜೆ ಆರತಿ ಬೆಳಗುತ್ತಿದ್ದಳು, ದೀಪಗಳ ಜೊತೆಜೊತೆಗೇ, ಎಡಕ್ಕೆ, ಸರಾಗವಾಗಿ. ನನಗೆ ಗಾಬರಿಯಾಯಿತು. “ಅಲ್ಲ, ಅವತ್ತು ಉಲ್ಟಾ ಸುತ್ತು ಅಂತ ಊರು ಒಂದು ಮಾಡಿದಾಕಿ ನೀನು. ಈಗ ನೀನ ಹಿಂಗ ಬೆಳಗಾಕತ್ತೀಯಲ್ಲ?” ಎಂದೆ. ಅವಳು ಕೈ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

“ಅವರು ಹೊಸದಾಗಿ ಮದಿವಿ ಆಗೋರು, ಏನಾಗ್ತೈತೋ ಏನೋ ಅಂತ ಹೆದರಿಕಿ ಇತ್ರಿ. ನಮಗೇನು? ಆಗೂದು ಆಗಿ ಹೋಗೈತಿ.”

ಆಮೇಲೆ ಆರತಿ ತಟ್ಟೆಯನ್ನು ನನ್ನ ಮುಂದೆ ಹಿಡಿದಳು. ನಾನು ಕಣ್ಣಿಗೊತ್ತಿಕೊಂಡೆ.